‘ನನ್ನ ಕೈಲಾಗದು’ ಎಂದು ನಮಗೆ ನಾವೇ ಹೇಳಿಕೊಳ್ಳುವ ಮಾತನ್ನು ಬದಲಿಸಲು ಸಾಧ್ಯವೇ?

ಗಣಿತ ಉಪನ್ಯಾಸಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಗಣಿತವೊಂದನ್ನು ಉಳಿಸಿಕೊಂಡ ಮಕ್ಕಳಿಗೆ ಪರೀಕ್ಷೆ-2ರ ತನಕ ವಿಶೇಷ ತರಗತಿ ನಡೆಸುವ ಹೊಣೆ ನನ್ನ ಪಾಲಿಗೆ ಬರುತ್ತದೆ. ಈ ಮಕ್ಕಳಲ್ಲಿ ಲೆಕ್ಕ ಬಾರದವರಿಗಿಂತ, ಲೆಕ್ಕವನ್ನು ಓದಿ ಮುಗಿಸುವ ಮೊದಲೇ ತಮ್ಮನ್ನು ತಾವು ಬೈದುಕೊಳ್ಳತೊಡಗುವವರೇ ಹೆಚ್ಚು. ‘ನಂಗೆ ಯಾವತ್ತೂ ಬರಲ್ಲ’, ‘ನಾನು ವೇಸ್ಟು’, ‘ನನ್ನಿಂದ ಅಪ್ಪನ ದುಡ್ಡೆಲ್ಲಾ ಹಾಳು’ ಎಂಬ ಮಾತುಗಳು ತುಟಿಯಂಚಿನಲ್ಲಿ ಸಣ್ಣಗೆ ಕೇಳಿಸುತ್ತವೆ. ಯಾರಿಗೂ ಕೇಳಿಸಲೆಂದು ಅವರು ಹಾಗೆ ಹೇಳುತ್ತಿಲ್ಲ. ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಮತ್ತು ಹೇಳಿದ ಮರುಕ್ಷಣ ಪೆನ್ನು ಕೆಳಗಿಡುತ್ತಾರೆ.

ಶಿಕ್ಷಣ ಇಲಾಖೆಗಳೂ ಪದಗಳ ಭಾರವನ್ನು ಗಮನಿಸಿದಂತಿದೆ. ಸಿಬಿಎಸ್‌ಇ 2020ರಲ್ಲಿ ‘ಫೇಲ್’ ಎಂಬ ಪದವನ್ನು ಬಿಟ್ಟು ‘ಎಸೆನ್ಶಿಯಲ್ ರಿಪೀಟ್’ ಎಂದು ಬರೆಯಲು ಆರಂಭಿಸಿತು. ನಮ್ಮ ರಾಜ್ಯದಲ್ಲಿ 2024ರಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರು ಹೋಗಿ ‘ಪರೀಕ್ಷೆ-2’ ಎಂಬ ಹೆಸರು ಬಂದಿದೆ. ಅಂಕಪಟ್ಟಿಯ ಮೇಲಿನ ಪದವೇನೋ ಬದಲಾಯಿತು, ಆದರೆ ಮಗುವಿನ ಒಳಗಿನ ಮಾತು ಬದಲಾದಂತೆ ನನಗೆ ಕಾಣುತ್ತಿಲ್ಲ. ಪ್ರೇರಣಾ ಭಾಷಣಕಾರರು ಬಂದು ‘ಕನ್ನಡಿಯ ಮುಂದೆ ನಿಂತು ನಾನು ಗೆಲ್ಲುತ್ತೇನೆ ಎಂದು ಹತ್ತು ಸಲ ಹೇಳಿ’ ಎಂದು ಕಲಿಸಿ ಹೋಗುತ್ತಾರೆ. ಮಕ್ಕಳು ಎರಡು ದಿನ ಹೇಳುತ್ತಾರೆ, ಆಮೇಲೆ ಮೊದಲಿಗಿಂತ ಕುಗ್ಗುತ್ತಾರೆ. ಈ ವಿಷಯದಲ್ಲಿ ಅನುಭವವುಳ್ಳವರು ದಯವಿಟ್ಟು ತಿಳಿಸಿ: ತನ್ನೊಂದಿಗೆ ತಾನು ಆಡುವ ಮಾತಿನಲ್ಲಿ ಪದಗಳನ್ನು ಬದಲಿಸಿದರೆ ನಿಜಕ್ಕೂ ಏನಾದರೂ ಆಗುತ್ತದೆಯೇ? ಆಗುವುದಾದರೆ ಯಾವ ಬಗೆಯ ಬದಲಾವಣೆ?

ಆಪ್ತಸಮಾಲೋಚಕ, ಧಾರವಾಡ

ಮೇಡಂ, ಮಕ್ಕಳು ಎರಡು ದಿನದಲ್ಲಿ ಕುಗ್ಗುವುದನ್ನು ನೀವು ಗಮನಿಸಿದ್ದೀರಲ್ಲ, ಅಲ್ಲಿಂದಲೇ ಆರಂಭಿಸುತ್ತೇನೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಂಟೆಯ ಸದ್ದು ಕೇಳಿದಾಗಲೆಲ್ಲ ‘ನಾನು ಪ್ರೀತಿಗೆ ಪಾತ್ರವಾದ ವ್ಯಕ್ತಿ’ ಎಂಬ ಅರ್ಥದ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ಸ್ವಯಂಸೇವಕರಿಗೆ ತಿಳಿಸಿದ್ದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಭಾವನೆ ಇದ್ದವರಿಗೆ ಅದರಿಂದ ತುಸು ಹಿತವಾಯಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಮಾತ್ರ, ಹಾಗೆ ಹೇಳಿಕೊಳ್ಳದೆ ಇದ್ದವರಿಗಿಂತ ಹೆಚ್ಚು ಬೇಸರವಾಯಿತು. ಯಾರಿಗೆ ಆ ಔಷಧ ಅತ್ಯಗತ್ಯವೆಂದು ನಾವು ಭಾವಿಸುತ್ತೇವೆಯೋ ಅವರಿಗೇ ಅದು ಒಗ್ಗಲಿಲ್ಲ. ‘ನಾನು ಗೆಲ್ಲುತ್ತೇನೆ’ ಎಂದೊಡನೆ ಒಳಗಿನಿಂದ ‘ಹೋದ ಸಲ ಹದಿನೆಂಟು ಅಂಕ ಬಂದಿತ್ತಲ್ಲ’ ಎಂಬ ಉತ್ತರ ಬರುತ್ತದೆ, ಮತ್ತು ಆ ವಾದದಲ್ಲಿ ಮಗು ಸೋಲುತ್ತದೆ. ನಂಬಲಾಗದ ಸಿಹಿಮಾತು ಕಹಿಮಾತಿನಷ್ಟೇ ನೋಯಿಸುತ್ತದೆ ಎಂಬುದು ನನ್ನ ವೃತ್ತಿಯ ಅನುಭವವೂ ಹೌದು.

ಹಾಗಾದರೆ ಏನು ಬದಲಾಗಬೇಕು? ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತನ್ನು ಕೇಳುತ್ತಾ ಒಂದು ಸಂಗತಿಯನ್ನು ಗುರುತಿಸಿದರು. ಘಟನೆಗೂ ದುಃಖಕ್ಕೂ ನಡುವೆ ಮಿಂಚಿನಂತೆ ಹಾದುಹೋಗುವ ಒಂದು ವಾಕ್ಯವಿರುತ್ತದೆ. ಅದು ಎಷ್ಟು ಬೇಗ ಹಾದುಹೋಗುತ್ತದೆಂದರೆ, ಅದನ್ನು ಹೇಳಿಕೊಂಡೆವೆಂಬ ಅರಿವೇ ನಮಗೆ ಇರುವುದಿಲ್ಲ. ಅವರು ರೂಪಿಸಿದ ಅರಿವು ಚಿಕಿತ್ಸೆಯ (ಕಾಗ್ನಿಟಿವ್ ಥೆರಪಿ) ಮೂಲ ಕೆಲಸವೆಂದರೆ ಆ ವಾಕ್ಯವನ್ನು ಹಿಡಿದು ಕಾಗದದ ಮೇಲೆ ಇಟ್ಟು ‘ಇದು ನಿಜವೇ? ಎಷ್ಟರಮಟ್ಟಿಗೆ ನಿಜ?’ ಎಂದು ವಿಚಾರಿಸುವುದು. ಅವರಿಗಿಂತ ಕೆಲ ವರ್ಷ ಮೊದಲೇ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ‘ಆಗಲೇಬೇಕು’, ‘ಮಾಡಲೇಬೇಕು’ ಎಂಬ ಹಟದ ವಾಕ್ಯಗಳನ್ನು ಗುರಿಯಾಗಿಸಿಕೊಂಡಿದ್ದರು. ಇಬ್ಬರೂ ಕೇಳಿದ್ದು ಸಿಹಿಯಾದ ವಾಕ್ಯವನ್ನಲ್ಲ, ಸರಿಯಾದ ವಾಕ್ಯವನ್ನು. ‘ನಂಗೆ ಗಣಿತ ಯಾವತ್ತೂ ಬರಲ್ಲ’ ಎನ್ನುವ ಹುಡುಗನಿಗೆ ‘ನೀನು ಗಣಿತದಲ್ಲಿ ಪ್ರವೀಣ’ ಎಂದು ಹೇಳಿಸಬೇಡಿ. ‘ಮಾತೃಕೆಗಳ ಲೆಕ್ಕ ಬರುತ್ತದೆ, ಅನುಕಲನದಲ್ಲಿ ಮೂರನೆಯ ಹಂತದಲ್ಲಿ ತಪ್ಪುತ್ತಿದ್ದೇನೆ’ ಎಂದು ಹೇಳಿಸಿ. ಅದು ಹೊಗಳಿಕೆಯಲ್ಲ, ಅದನ್ನು ಅಲ್ಲಗಳೆಯಲು ಒಳಗಿನ ಧ್ವನಿಗೆ ಕಾರಣ ಸಿಗುವುದಿಲ್ಲ.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2018ರಲ್ಲಿ, ಆತಂಕ, ಖಿನ್ನತೆ ಮತ್ತು ಆತ್ಮಹತ್ಯೆಯ ಆಲೋಚನೆಗಳ ಬಗ್ಗೆ ಜನರು ಅಂತರ್ಜಾಲದಲ್ಲಿ ಬರೆದುಕೊಂಡ ಮಾತುಗಳನ್ನು ದೊಡ್ಡ ಪ್ರಮಾಣದಲ್ಲಿ ಪರಿಶೀಲಿಸಿದರು. ‘ಯಾವಾಗಲೂ’, ‘ಸಂಪೂರ್ಣವಾಗಿ’, ‘ಏನೂ ಇಲ್ಲ’ ಎಂಬಂತಹ ಅಂಚಿನ ಪದಗಳು ಆ ಬರಹಗಳಲ್ಲಿ ಉಳಿದ ವಿಷಯಗಳ ಬರಹಗಳಿಗಿಂತ ಗಣನೀಯವಾಗಿ ಹೆಚ್ಚಿದ್ದವು. ಆತ್ಮಹತ್ಯೆಯ ಆಲೋಚನೆಯುಳ್ಳವರ ಬರಹದಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದವು. ದುಃಖವನ್ನು ಸೂಚಿಸುವ ಸಾಮಾನ್ಯ ಪದಗಳಿಗಿಂತ ಇವೇ ಒಳ್ಳೆಯ ಗುರುತು ಎಂದು ಅವರು ಕಂಡುಕೊಂಡರು. ಪದವೇ ಕಾಯಿಲೆಯನ್ನು ತರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಯಾವ ಪದವನ್ನು ಕೇಳಿದಾಗ ಕಿವಿ ನಿಮಿರಬೇಕು ಎಂಬುದು ಗೊತ್ತಾಗುತ್ತದೆ.

ನಿವೃತ್ತ ಕನ್ನಡ ಮೇಷ್ಟ್ರು, ಸಾಗರ

ಸಮಾಲೋಚಕರು ಅಂಚಿನ ಪದಗಳ ಬಗ್ಗೆ ಬರೆದದ್ದನ್ನು ಓದಿದಾಗ ನಮ್ಮ ಭಾಷೆಯಲ್ಲಿ ಅವು ಎಲ್ಲಿ ಅಡಗಿವೆ ಎಂದು ಯೋಚಿಸಿದೆ. ಕನ್ನಡದಲ್ಲಿ ಅವಕ್ಕೆ ಬೇರೆ ಪದಗಳೇ ಬೇಕಿಲ್ಲ, ಒಂದು ಪ್ರತ್ಯಯ ಸಾಕು. ಯಾರು ಎಂಬುದು ಪ್ರಶ್ನೆ, ‘ಯಾರೂ’ ಎಂದರೆ ಬಾಗಿಲು ಮುಚ್ಚಿತು. ಏನೂ, ಎಲ್ಲೂ, ಎಂದೂ, ಒಬ್ಬರೂ, ಒಂದು ಸಲವೂ: ‘ಊ’ಕಾರದ ಹಿಂದೆ ‘ಇಲ್ಲ’ ಬಂದು ನಿಂತರೆ ವಾಕ್ಯಕ್ಕೆ ಕಿಟಕಿಯೇ ಉಳಿಯುವುದಿಲ್ಲ. ಪದಕ್ಕಿಂತ ಚಿಕ್ಕದಾದ್ದರಿಂದ ಇದನ್ನು ಯಾರೂ ಗಮನಿಸುವುದಿಲ್ಲ. ಮೇಡಂ ಅವರ ಮಕ್ಕಳ ಮಾತನ್ನೇ ನೋಡಿ, ‘ಯಾವತ್ತೂ ಬರಲ್ಲ’ ಎಂಬಲ್ಲಿ ‘ಯಾವತ್ತೂ’ ಕಾಲವನ್ನೆಲ್ಲ ನುಂಗಿತು, ‘ಬರಲ್ಲ’ ಎಂಬುದು ನಾಳೆಯನ್ನೂ ಸೇರಿಸಿಕೊಂಡಿತು. ‘ಬರಲಿಲ್ಲ’ ಎಂದಿದ್ದರೆ ಅದು ನಿನ್ನೆಯ ಸುದ್ದಿ ಮಾತ್ರ. ‘ಇನ್ನೂ ಬಂದಿಲ್ಲ’ ಎಂದಿದ್ದರೆ ಬರುವ ದಾರಿ ತೆರೆದೇ ಇರುತ್ತಿತ್ತು. ಮೂರು ವಾಕ್ಯಗಳೂ ಇಂದಿನ ಸ್ಥಿತಿಯ ಬಗ್ಗೆ ಒಂದೇ ಸಂಗತಿಯನ್ನು ಹೇಳುತ್ತವೆ, ನಾಳೆಯ ಬಗ್ಗೆ ಮಾತ್ರ ಬೇರೆ ಬೇರೆ ತೀರ್ಪು ಕೊಡುತ್ತವೆ.

ನಮ್ಮ ಭಾಷೆಯ ಒಂದು ಉಪಕಾರವನ್ನೂ ನೆನೆಯಬೇಕು. ನಾವು ‘ನಾನು ಸಿಟ್ಟು’ ಎನ್ನುವುದಿಲ್ಲ, ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ. ಭಯವಾಯಿತು, ಬೇಸರವಾಯಿತು, ನಾಚಿಕೆಯಾಯಿತು. ಚತುರ್ಥಿಯ ಈ ರಚನೆಯಲ್ಲಿ ಭಾವನೆ ಹೊರಗಿನಿಂದ ಬಂದ ಅತಿಥಿ, ನಾನು ಅದನ್ನು ಬರಮಾಡಿಕೊಂಡವನು, ಬಂದದ್ದು ಹೋಗಲೂಬಹುದು. ನಾವು ನಮ್ಮನ್ನು ಬೈದುಕೊಳ್ಳುವಾಗ ಮಾತ್ರ ಈ ರಚನೆಯನ್ನು ಬಿಟ್ಟು ‘ನಾನು ಹೇಡಿ’, ‘ನಾನು ದಡ್ಡ’, ‘ನಾನು ದಂಡ’ ಎಂಬ ನಾಮಪದಗಳಿಗೆ ಇಳಿಯುತ್ತೇವೆ. ನಾಮಪದ ಅಂಟಿಕೊಳ್ಳುತ್ತದೆ, ಕ್ರಿಯಾಪದ ಸಾಗಿಹೋಗುತ್ತದೆ. ‘ನಾನು ಹೇಡಿ’ ಎಂಬುದನ್ನು ‘ನನಗೆ ಹೆದರಿಕೆಯಾಗುತ್ತಿದೆ’ ಎಂದು ಬದಲಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲ, ಬದಲಿಗೆ ಹೆಚ್ಚು ನಿಖರವಾದ ಕನ್ನಡವನ್ನು ಬಳಸಿದಂತಾಗುತ್ತದೆ.

ಇನ್ನು ‘ಹಣೆಬರಹ’ ಎಂಬ ಮಾತು. ಈ ಪದವನ್ನು ಕಂಡರೆ ಮನಶ್ಶಾಸ್ತ್ರ ಓದಿದವರು ಹುಬ್ಬು ಗಂಟಿಕ್ಕುವುದುಂಟು. ನಾನು ಅದರ ಪರವಾಗಿ ಎರಡು ಮಾತು ಹೇಳುತ್ತೇನೆ. ಕೊಳೆರೋಗ ಬಂದು ಅಡಿಕೆಯೆಲ್ಲ ನೆಲಕ್ಕುದುರಿದಾಗ ನಮ್ಮ ಕಡೆಯ ರೈತ ‘ಹಣೆಬರಹ, ಏನು ಮಾಡೋದು’ ಎನ್ನುತ್ತಾನೆ, ಮರುದಿನ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತುವ ಕೊನೆಗಾರನನ್ನು ಹುಡುಕಿಕೊಂಡು ಹೊರಡುತ್ತಾನೆ. ಅಲ್ಲಿ ಆ ಪದ ಅವನ ಕೈ ಕಟ್ಟಲಿಲ್ಲ. ತನ್ನದಲ್ಲದ ತಪ್ಪಿನ ಭಾರವನ್ನು ಅವನ ತಲೆಯಿಂದ ಇಳಿಸಿತು, ಅಷ್ಟೇ. ಅದೇ ಪದವನ್ನು ಪುಸ್ತಕ ತೆರೆಯದ ಹುಡುಗ ಹೇಳಿದರೆ ಅದರ ಪರಿಣಾಮ ಬೇರೆ. ಆದುದರಿಂದ ಒಳ್ಳೆಯ ಪದಗಳು, ಕೆಟ್ಟ ಪದಗಳು ಎಂದು ಪಟ್ಟಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹೇಳಿದ ಮೇಲೆ ಮನುಷ್ಯ ಎದ್ದನೋ ಕೂತನೋ ಎಂಬುದನ್ನು ನೋಡಬೇಕು.

ಗಾರ್ಮೆಂಟ್ಸ್ ಕಾರ್ಮಿಕರ ಸಂಘಟನೆಯಲ್ಲಿ ಕೆಲಸ ಮಾಡುವವಳು, ಬೆಂಗಳೂರು

ಮೇಷ್ಟ್ರ ಮಾತನ್ನು ಗೌರವದಿಂದ ಓದಿದೆ. ಆದರೆ ಇಡೀ ಚರ್ಚೆ ‘ತನಗೆ ತಾನೇ’ ಎಂಬಲ್ಲಿ ನಿಂತಿರುವುದು ನನಗೆ ಸಾಲದು ಅನ್ನಿಸುತ್ತಿದೆ. ಮದ್ದೂರು, ರಾಮನಗರದ ಕಡೆಯಿಂದ ಬೆಳಗಿನ ಜಾವವೇ ಹೊರಟು ಕಾರ್ಖಾನೆಗೆ ಬರುವ ಹೆಣ್ಣುಮಕ್ಕಳ ಜೊತೆ ನಾನು ಕೆಲಸ ಮಾಡುತ್ತೇನೆ. ಗಂಟೆಗೆ ಇಷ್ಟು ಪೀಸು ಎಂದು ಗುರಿ ಕೊಟ್ಟಿರುತ್ತಾರೆ, ಗುರಿ ತಪ್ಪಿದರೆ ಸಾಲಿನ ಮಧ್ಯೆ ನಿಲ್ಲಿಸಿ ಬೈಯುತ್ತಾರೆ. ‘ದನ ಕಾಯೋಕೆ ಲಾಯಕ್ಕು’ ಎಂಬುದು ಅಲ್ಲಿ ಸೌಮ್ಯವಾದ ಬೈಗುಳ. ಇದನ್ನೇ ವರ್ಷಗಟ್ಟಲೆ ಕೇಳಿದ ಹೆಂಗಸು, ಮನೆಯಲ್ಲಿ ಸಾರು ಉಕ್ಕಿದರೂ ‘ಥೂ, ನಾನು ದನ ಕಾಯೋಕೇ ಲಾಯಕ್ಕು’ ಎಂದು ತನ್ನಷ್ಟಕ್ಕೆ ಗೊಣಗುವುದನ್ನು ನಾನು ಕೇಳಿದ್ದೇನೆ. ಆ ವಾಕ್ಯ ಅವಳದ್ದಲ್ಲ. ಸೂಪರ್‌ವೈಸರ್‌ನ ವಾಕ್ಯ ಅವಳ ಬಾಯಲ್ಲಿ ಮನೆಯವರೆಗೂ ಬಂದಿದೆ.

ಹೀಗಿರುವಾಗ ಅವಳಿಗೆ ‘ನಿನ್ನ ಮಾತು ಬದಲಿಸಿಕೋ’ ಎಂದರೆ ಏನರ್ಥ? ಬೈದವರು ಬೈಯುತ್ತಲೇ ಇರುತ್ತಾರೆ, ಗುರಿ ಹಾಗೇ ಇರುತ್ತದೆ, ಶೌಚಾಲಯಕ್ಕೆ ಹೋಗಲೂ ಅನುಮತಿ ಕೇಳಬೇಕು. ಇದನ್ನೆಲ್ಲ ಬಿಟ್ಟು ಅವಳ ಮನಸ್ಸನ್ನು ತಿದ್ದಲು ಹೊರಟರೆ ತಪ್ಪನ್ನು ಮತ್ತೆ ಅವಳ ಮೇಲೆಯೇ ಹೊರಿಸಿದಂತಾಗುತ್ತದೆ. ನಮ್ಮ ಸಭೆಗಳಲ್ಲಿ ಬೇರೆ ರೀತಿಯಲ್ಲಿ ಮಾತು ಬದಲಾಗುವುದನ್ನು ಕಂಡಿದ್ದೇನೆ. ‘ನಾನು ನಿಧಾನ’ ಎನ್ನುತ್ತಿದ್ದವಳು, ಪಕ್ಕದ ಸಾಲಿನವರೆಲ್ಲ ಅದೇ ಗುರಿಯನ್ನು ಮುಟ್ಟಲಾಗದೆ ಒದ್ದಾಡುತ್ತಿರುವುದನ್ನು ಕೇಳಿದ ದಿನ ‘ಈ ಗುರಿಯೇ ಅನ್ಯಾಯದ್ದು’ ಎನ್ನುತ್ತಾಳೆ. ಕರ್ತೃಪದ ಬದಲಾಯಿತು, ಅವಳ ಬೆನ್ನೂ ನೆಟ್ಟಗಾಯಿತು. ಕನ್ನಡಿಯ ಮುಂದೆ ನಿಂತು ಅವಳು ಅದನ್ನು ಕಲಿಯಲಿಲ್ಲ, ಇನ್ನೊಬ್ಬಳ ಎದುರು ಕೂತು ಕಲಿತಳು.

ಆಪ್ತಸಮಾಲೋಚಕ, ಧಾರವಾಡ

ಅಕ್ಕನವರ ಮಾತಿಗೆ ಮನಶ್ಶಾಸ್ತ್ರದಲ್ಲೇ ಬಲವಾದ ಆಧಾರವಿದೆ. ರಷ್ಯದ ಲೆವ್ ವೈಗಾಟ್ಸ್ಕಿ, 1934ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವರು, ಮಕ್ಕಳು ಆಟವಾಡುವಾಗ ತಮ್ಮಷ್ಟಕ್ಕೆ ಗಟ್ಟಿಯಾಗಿ ಮಾತಾಡಿಕೊಳ್ಳುವುದನ್ನು ಗಮನಿಸಿದ್ದರು. ಕೆಲಸ ಕಷ್ಟವಾದಷ್ಟೂ ಆ ಮಾತು ಹೆಚ್ಚುತ್ತಿತ್ತು. ಅವರ ವಿವರಣೆಯ ಪ್ರಕಾರ ಮೊದಲು ದೊಡ್ಡವರು ಮಗುವಿಗೆ ಹೇಳುವ ಮಾತು, ಆಮೇಲೆ ಮಗು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುವ ಮಾತಾಗುತ್ತದೆ, ಕೊನೆಗೆ ಒಳಕ್ಕೆ ಇಳಿದು ಸದ್ದಿಲ್ಲದ ಮಾತಾಗುತ್ತದೆ. ಎಂದರೆ ಒಳಮಾತು ಹುಟ್ಟುವುದು ಹೊರಗೆ. ತೊಟ್ಟಿಲು ಕಟ್ಟಿದ ಮನೆ, ಶಾಲೆ, ಕಾರ್ಖಾನೆ ಎಲ್ಲವೂ ಅದರಲ್ಲಿ ಉಳಿದಿರುತ್ತವೆ. ‘ನಾನು ನಿಧಾನ’ ಎಂಬುದು ‘ಗುರಿ ಅನ್ಯಾಯದ್ದು’ ಎಂದಾದದ್ದು ಅತ್ಯಂತ ಗುಣಕಾರಿ ಬದಲಾವಣೆ. 1978ರಲ್ಲಿ ಮನಶ್ಶಾಸ್ತ್ರಜ್ಞರಾದ ಅಬ್ರಾಮ್ಸನ್, ಸೆಲಿಗ್ಮನ್ ಮತ್ತು ಟೀಸ್‌ಡೇಲ್ ಮಂಡಿಸಿದ ಸಿದ್ಧಾಂತ ಇದನ್ನೇ ಹೇಳುತ್ತದೆ: ಕೆಟ್ಟದ್ದು ನಡೆದಾಗ ‘ಕಾರಣ ನಾನೇ, ಇದು ಹೀಗೇ ಇರುತ್ತದೆ, ಎಲ್ಲದರಲ್ಲೂ ಹೀಗೇ’ ಎಂದು ವಿವರಿಸಿಕೊಳ್ಳುವವರು ಬೇಗ ಕೈಚೆಲ್ಲುತ್ತಾರೆ. ಕಾರಣ ಹೊರಗಿದ್ದಾಗ ಅದನ್ನು ಹೊರಗೇ ಗುರುತಿಸುವುದು ನೆಪವಲ್ಲ, ನಿಖರತೆ. ಮೇಷ್ಟ್ರು ಹೇಳಿದ ಅಡಿಕೆ ಬೆಳೆಗಾರನ ‘ಹಣೆಬರಹ’ವನ್ನೂ ನಾನು ಈ ಸಾಲಿಗೇ ಸೇರಿಸುತ್ತೇನೆ.

ಶುಶ್ರೂಷಕಿ, ಮಸ್ಕತ್ (ಊರು ಉಡುಪಿ ಜಿಲ್ಲೆ)

ನಾನು ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಇಂಗ್ಲಿಷ್, ಅರಬ್ಬಿ, ಮಲಯಾಳ ಕೇಳುತ್ತಾ ದಿನ ಕಳೆಯುತ್ತದೆ. ಮನೆಯ ಮಾತು ತುಳು, ಓದಿದ್ದು ಕನ್ನಡದಲ್ಲಿ. ಚರ್ಚೆಗೆ ಎರಡು ವಿಷಯ ಸೇರಿಸುತ್ತೇನೆ.

ಒಂದು, ಯಾವ ಭಾಷೆಯಲ್ಲಿ ತನ್ನೊಂದಿಗೆ ಮಾತಾಡಿಕೊಳ್ಳುತ್ತೇವೆ ಎಂಬುದೂ ಮುಖ್ಯ. ತುರ್ಕಿ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಹಿರಿಯರು ಗದರುವ ಮಾತುಗಳನ್ನು ಕೇಳಿಸಿ ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆದಿದ್ದರು. ತಾಯಿನುಡಿಯ ಗದರಿಕೆಗೆ ದೇಹ ಹೆಚ್ಚು ಬೆಚ್ಚುತ್ತಿತ್ತು, ಕಲಿತ ಭಾಷೆಯ ಗದರಿಕೆಗೆ ಕಡಿಮೆ. ನನ್ನ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಪರದೇಶದಲ್ಲಿ ವರಿಷ್ಠರು ಇಂಗ್ಲಿಷಿನಲ್ಲಿ ಗದರಿದರೆ ಅದು ಕೆಲಸದ ಮಾತು, ಡ್ಯೂಟಿಯ ಬಟ್ಟೆಯ ಜೊತೆ ಕಳಚಿ ಇಡಬಹುದು. ಆದರೆ ಮನಸ್ಸು ದಣಿದಾಗ ಒಳಗಿನಿಂದ ಬರುವ ಬೈಗುಳ ಮಾತ್ರ ಊರಿನ ಭಾಷೆಯಲ್ಲಿ, ಊರಿನ ದೊಡ್ಡವರ ಸ್ವರದಲ್ಲೇ ಬರುತ್ತದೆ. ಹಾಗಾಗಿ ಸಮಾಧಾನದ ಮಾತನ್ನೂ ನಾನು ಅದೇ ಭಾಷೆಯಲ್ಲಿ ಹೇಳಿಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ಹೇಳಿಕೊಂಡರೆ ಅದು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ವಿದೇಶದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರು ಕನ್ನಡವನ್ನು ಗದರುವುದಕ್ಕೆ ಮಾತ್ರ ಇಟ್ಟುಕೊಂಡು, ಹೊಗಳುವುದಕ್ಕೆಲ್ಲ ಇಂಗ್ಲಿಷ್ ಬಳಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಎರಡು, ಭಾವನೆಗೆ ಹೆಸರಿಡುವುದು. ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡದ 2007ರ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖದ ಚಿತ್ರ ನೋಡುವಾಗ ಆ ಭಾವನೆಯ ಹೆಸರನ್ನು ಆರಿಸಿದವರ ಮಿದುಳಿನಲ್ಲಿ, ಅಪಾಯಕ್ಕೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿತ್ತು. ರೋಗಿಯೊಬ್ಬರು ಕೈಮೀರಿ ಹೋದ ರಾತ್ರಿ ‘ನಂಗೆ ಏನೋ ಆಗ್ತಿದೆ’ ಎಂದು ಉಳಿದುಬಿಟ್ಟರೆ ಆ ‘ಏನೋ’ ಬೆಳೆಯುತ್ತಲೇ ಹೋಗುತ್ತದೆ. ಇದು ದುಃಖವೇ, ದಣಿವೇ, ತಪ್ಪಿತಸ್ಥ ಭಾವವೇ, ಅಥವಾ ಬರೀ ಹಸಿವೇ ಎಂದು ಬಿಡಿಸಿ ಹೇಳಿಕೊಂಡರೆ ಮುಂದೆ ಏನು ಮಾಡಬೇಕೆಂಬುದು ತಿಳಿಯುತ್ತದೆ. ಎಷ್ಟೋ ಸಲ ಅದು ನಿಜಕ್ಕೂ ಹಸಿವೇ ಆಗಿರುತ್ತದೆ.

ಬಿಲ್ಲುಗಾರಿಕೆ ತರಬೇತುದಾರ, ಮೈಸೂರು

ಕ್ರೀಡೆಯಲ್ಲಿ ಈ ವಿಷಯ ಹಳೆಯದು. ಗ್ರೀಸಿನ ಹಾಟ್ಸಿಜಾರ್ಜಿಯಾಡಿಸ್ ಮತ್ತು ಸಹೋದ್ಯೋಗಿಗಳು 2011ರಲ್ಲಿ 32 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತನಗೆ ತಾನೇ ಹೇಳಿಕೊಳ್ಳುವ ಸೂಚನೆಗಳಿಂದ ಆಟದ ಸಾಧನೆ ಮಧ್ಯಮ ಪ್ರಮಾಣದಲ್ಲಿ ಸುಧಾರಿಸುವುದು ಕಂಡುಬಂತು. ನಾಜೂಕಿನ ಕೆಲಸಗಳಲ್ಲಿ ಲಾಭ ಹೆಚ್ಚು. ನಾನು ಮಕ್ಕಳಿಗೆ ‘ನಾನೇ ಚಾಂಪಿಯನ್’ ಎಂದು ಹೇಳಿಕೊಡುವುದಿಲ್ಲ. ‘ಭುಜ ಇಳಿಸು, ಎಳೆ, ನಿಲ್ಲು, ಬಿಡು’ ಎಂಬ ನಾಲ್ಕು ಮಾತು ಅಷ್ಟೇ. ‘ತಪ್ಪಿಸಬೇಡ’ ಎನ್ನುವುದನ್ನು ಮೈದಾನದಲ್ಲಿ ನಿಷೇಧಿಸಿದ್ದೇನೆ, ಏಕೆಂದರೆ ಕೈ ಏನು ಮಾಡಬಾರದು ಎಂದು ಹೇಳಿದರೆ ಏನು ಮಾಡಬೇಕು ಎಂಬುದು ಗೊತ್ತಾಗುವುದಿಲ್ಲ. ಗಣಿತದ ಮೇಡಂ, ನಿಮ್ಮ ಮಕ್ಕಳಿಗೂ ಲೆಕ್ಕದ ಮೊದಲ ಹೆಜ್ಜೆಯನ್ನೇ ಒಂದು ಮಾತಾಗಿ ಕೊಟ್ಟು ನೋಡಿ: ‘ಕೊಟ್ಟದ್ದನ್ನು ಬರೆ, ಕೇಳಿದ್ದನ್ನು ಬರೆ’. ಆ ಮಾತು ನಾಲಗೆಯಲ್ಲಿ ಇರುವಾಗ ಬೈಗುಳಕ್ಕೆ ಜಾಗವಿರುವುದಿಲ್ಲ.

ಚಿಕಿತ್ಸೆ ಪಡೆಯುತ್ತಿರುವವನು

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯಲೋ ಬೇಡವೋ ಎಂದು ಹಿಂಜರಿಯುತ್ತಿದ್ದೆ. ನನಗೆ ಖಿನ್ನತೆಯ ಕಾಯಿಲೆ ಇದೆ, ಮಾತ್ರೆ ಮತ್ತು ಸಮಾಲೋಚನೆ ಎರಡೂ ನಡೆಯುತ್ತಿವೆ. ನನ್ನಂಥವರ ಕಡೆಯಿಂದ ಕೆಲವು ಮಾತುಗಳು.

ಕಾಯಿಲೆ ತೀವ್ರವಾಗಿದ್ದಾಗ ಒಳಮಾತನ್ನು ಆರಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ‘ಧೈರ್ಯ ತಂದುಕೋ’, ‘ಒಳ್ಳೆಯದನ್ನೇ ಯೋಚಿಸು’ ಎಂದು ನೆಂಟರು ಹೇಳಿದಾಗ, ಯೋಚನೆಯನ್ನು ಬದಲಿಸಲಾಗದಿರುವುದೂ ನನ್ನದೇ ಮತ್ತೊಂದು ವೈಫಲ್ಯ ಎಂದು ತೋರುತ್ತಿತ್ತು. ಔಷಧದಿಂದ ನಿದ್ದೆ ಸರಿಹೋದ ಮೇಲೆಯೇ ಸಮಾಲೋಚಕರು ಹೇಳಿಕೊಟ್ಟ ಅಭ್ಯಾಸಗಳು ನನಗೆ ಕೈಗೆಟುಕಿದವು. ಆದ್ದರಿಂದ ಮಾತಿನ ಅಭ್ಯಾಸವನ್ನು ಚಿಕಿತ್ಸೆಯ ಬದಲಿಗೆ ಇಡಬೇಡಿ ಎಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಹಾಗೆಯೇ ತನ್ನೊಂದಿಗೆ ಮಾತಾಡಿಕೊಳ್ಳುವುದೆಲ್ಲ ಹಿತವಲ್ಲ. ರಾತ್ರಿಯಿಡೀ ‘ನಾನೇಕೆ ಹೀಗೆ, ನಾನೇಕೆ ಹೀಗೆ’ ಎಂದು ಒಂದೇ ಪ್ರಶ್ನೆಯನ್ನು ಮೆಲುಕು ಹಾಕುವುದೂ ಸ್ವಗತವೇ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ದಶಕಗಳ ಕಾಲ ಅಧ್ಯಯನ ಮಾಡಿ, ಈ ಮೆಲುಕು ಖಿನ್ನತೆಯನ್ನು ಉದ್ದಕ್ಕೆ ಎಳೆಯುತ್ತದೆ ಎಂದು ತೋರಿಸಿದ್ದಾರೆ. ನನಗೆ ಸಹಾಯವಾದದ್ದು ವಾಕ್ಯವನ್ನು ಅಳಿಸುವುದಲ್ಲ, ಅದರ ಕೊನೆಗೆ ಒಂದು ಬಾಲ ಸೇರಿಸುವುದು. ‘ನಾನು ಎಲ್ಲರಿಗೂ ಹೊರೆ’ ಎಂಬ ಮಾತು ಬಂದಾಗ ‘...ಎಂಬ ಯೋಚನೆ ನನಗೆ ಬರುತ್ತಿದೆ’ ಎಂದು ಮುಗಿಸುತ್ತೇನೆ. ಸ್ಟೀವನ್ ಹೇಯ್ಸ್ ರೂಪಿಸಿದ ಚಿಕಿತ್ಸಾ ಕ್ರಮದ ಅಭ್ಯಾಸವಿದು ಎಂದು ನನ್ನ ಸಮಾಲೋಚಕರು ಹೇಳಿದರು. ಕನ್ನಡದಲ್ಲಿ ಇದು ಸುಲಭ, ಏಕೆಂದರೆ ವಾಕ್ಯ ಪೂರ್ತಿ ಬಂದ ಮೇಲೂ ‘ಎಂದು’, ‘ಎಂಬ’ ಸೇರಿಸಿ ಅದನ್ನು ಬರೀ ಒಂದು ಹೇಳಿಕೆಯನ್ನಾಗಿ ಮಾಡಬಹುದು. ತೀರ್ಪು ಹೋಗಿ ವರದಿಯಾಗುತ್ತದೆ. ಮಾತು ಅಲ್ಲೇ ಇರುತ್ತದೆ, ಆದರೆ ನಾನು ಅದರಿಂದ ಒಂದು ಹೆಜ್ಜೆ ಈಚೆ ಇರುತ್ತೇನೆ.

ನಿವೃತ್ತ ಕನ್ನಡ ಮೇಷ್ಟ್ರು, ಸಾಗರ

ತಮ್ಮಾ, ನೀವು ಬರೆದದ್ದು ಒಳ್ಳೆಯದಾಯಿತು. ಆ ಒಂದು ಹೆಜ್ಜೆ ಈಚೆ ನಿಲ್ಲುವ ವಿಷಯದಲ್ಲಿ ನಮ್ಮ ಹರಿದಾಸರ ನೆನಪಾಯಿತು. ಕನಕದಾಸರು, ಪುರಂದರದಾಸರು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ‘ಮನವೇ’ ಎಂದು ಕರೆದು ಬುದ್ಧಿ ಹೇಳುತ್ತಾರೆ, ಸಂತೈಸುತ್ತಾರೆ. ‘ನಾನು ತಲ್ಲಣಿಸಬಾರದು’ ಎನ್ನುವುದಕ್ಕೂ ಮನಸ್ಸಿಗೆ ‘ನೀನು ತಲ್ಲಣಿಸಬೇಡ’ ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯದರಲ್ಲಿ ಸಂತೈಸುವವನೊಬ್ಬ ಒಳಗೇ ಇದ್ದಾನೆ.

ಆಪ್ತಸಮಾಲೋಚಕ, ಧಾರವಾಡ

ಮೇಷ್ಟ್ರೇ, ನೀವು ಹೇಳಿದ್ದನ್ನೇ ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಯೋಗಗಳ ಮೂಲಕ ಪರೀಕ್ಷಿಸಿದ್ದಾರೆ. ಅತ್ಯಲ್ಪ ಸಿದ್ಧತೆಯಲ್ಲಿ ಅಪರಿಚಿತರ ಮುಂದೆ ಭಾಷಣ ಮಾಡಬೇಕಾದವರಲ್ಲಿ ಕೆಲವರು ‘ನಾನು ಏಕೆ ಹೆದರುತ್ತಿದ್ದೇನೆ’ ಎಂದೂ, ಉಳಿದವರು ತಮ್ಮ ಹೆಸರನ್ನೇ ಹಿಡಿದು ಅಥವಾ ‘ನೀನು’ ಎಂದೂ ಯೋಚಿಸಿದರು. ಹೆಸರು ಹಿಡಿದವರು ಚೆನ್ನಾಗಿ ಮಾತಾಡಿದರು, ಆಮೇಲೆ ಅವಮಾನವಾಯಿತೆಂದು ಕೊರಗಿದ್ದೂ ಕಡಿಮೆ. ಗೆಳೆಯನಿಗೆ ಸಲಹೆ ಕೊಡುವಾಗ ನಾವು ಸಹಜವಾಗಿಯೇ ನ್ಯಾಯವಾಗಿ, ಕರುಣೆಯಿಂದ ಮಾತಾಡುತ್ತೇವೆ. ಸರ್ವನಾಮ ಬದಲಾದರೆ ಆ ಅಭ್ಯಾಸ ನಮ್ಮ ಕಡೆಗೂ ತಿರುಗುತ್ತದೆ.

ಇದರಲ್ಲಿ ಒಂದು ಎಚ್ಚರ ಬೇಕು. ನಮ್ಮಲ್ಲಿ ಹೆಸರು ಹಿಡಿದು ಕರೆಯುವುದು ಮುದ್ದಿಗೂ ಹೌದು, ಗದರುವುದಕ್ಕೂ ಹೌದು. ಮನೆಯಲ್ಲಿ ಪೂರ್ತಿ ಹೆಸರು ಕೇಳಿದರೆ ಏಟು ಬೀಳುತ್ತದೆ ಎಂದು ಬೆಳೆದ ಹುಡುಗನಿಗೆ ಹೆಸರು ಹಿಡಿದು ಮಾತಾಡಿಕೋ ಎಂದರೆ ಬೈಗುಳವೇ ಹೊರಬರುತ್ತದೆ. ಅಂಥವರಿಗೆ ಅಜ್ಜಿಯೋ ಅಕ್ಕನೋ ಕರೆಯುತ್ತಿದ್ದ ಹೆಸರನ್ನು ಬಳಸಲು ನಾನು ಹೇಳುತ್ತೇನೆ: ಪುಟ್ಟ, ಮಗಾ, ತಂಗೀ, ಅಪ್ಪಿ. ಅದರ ಹಿಂದೆ ಬರುವ ವಾಕ್ಯ ತಾನಾಗಿಯೇ ಮೆತ್ತಗಿರುತ್ತದೆ.

ಗಣಿತ ಉಪನ್ಯಾಸಕಿ, ಹಾಸನ ಜಿಲ್ಲೆ

ಇಷ್ಟು ಮನಸ್ಸಿಟ್ಟು ಉತ್ತರಿಸಿದ ಎಲ್ಲರಿಗೂ ಋಣಿ. ಮುಂದಿನ ವಾರದಿಂದ ಹೀಗೆ ಮಾಡಬೇಕೆಂದಿದ್ದೇನೆ. ಪ್ರತಿ ಮಗುವೂ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ಲೆಕ್ಕ ನಿಂತುಹೋದ ಕ್ಷಣ ಮನಸ್ಸಿನಲ್ಲಿ ಬಂದ ಮಾತನ್ನು ಬಂದ ಹಾಗೆಯೇ, ಆಡುಮಾತಿನಲ್ಲೇ ಬರೆಯಲಿ. ಅದರ ಕೆಳಗೆ ‘ಊ’ಕಾರವನ್ನು ತೆಗೆದು, ಯಾವ ಲೆಕ್ಕ, ಎಷ್ಟನೆಯ ಹಂತ ಎಂದು ಮತ್ತೆ ಬರೆಯಲಿ. ತರಬೇತುದಾರರು ಹೇಳಿದ ಮೊದಲ ಹೆಜ್ಜೆಯ ಮಾತನ್ನು ಕರಿಹಲಗೆಯ ಮೇಲೆ ಖಾಯಂ ಆಗಿ ಬರೆದಿಡುತ್ತೇನೆ. ಕಾರ್ಮಿಕ ಸಂಘಟನೆಯ ಅಕ್ಕ ಹೇಳಿದ್ದು ನನ್ನನ್ನು ಹೆಚ್ಚು ಕಾಡಿತು. ಈ ಮಕ್ಕಳ ಬಾಯಲ್ಲಿರುವ ‘ವೇಸ್ಟು’ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಬಹುಶಃ ನಮ್ಮ ಸಿಬ್ಬಂದಿ ಕೊಠಡಿಯಲ್ಲೂ ಸಿಗುತ್ತದೆ. ಹಾಗಾಗಿ ಪಾಲಕರ ಸಭೆಗಿಂತ ಮೊದಲು ಸಹೋದ್ಯೋಗಿಗಳ ಜೊತೆ ಕೂತು, ಉತ್ತರಪತ್ರಿಕೆ ಹಂಚುವಾಗ ನಾವು ಆಡುವ ಮಾತುಗಳ ಬಗ್ಗೆ ಚರ್ಚಿಸುತ್ತೇನೆ. ಅಂದ ಹಾಗೆ, ಪರೀಕ್ಷೆಯ ದಿನದ ಎದೆಬಡಿತಕ್ಕೆ ‘ಸಮಾಧಾನ, ಸಮಾಧಾನ’ ಎಂದು ಹೇಳಿಕೊಳ್ಳುವುದು ಸರಿಯೇ?

ಆಪ್ತಸಮಾಲೋಚಕ, ಧಾರವಾಡ

ಬಡಿಯುವ ಎದೆಯನ್ನು ಸುಮ್ಮನಿರು ಎಂದರೆ ಅದು ಕೇಳುವುದು ಕಷ್ಟ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ, ಭಾಷಣ ಮಾಡುವ ಮತ್ತು ಗಣಿತದ ಲೆಕ್ಕ ಬಿಡಿಸುವ ಮೊದಲು ತಮ್ಮ ಆತಂಕವನ್ನು ಉತ್ಸಾಹವೆಂದು ಕರೆದುಕೊಂಡವರು, ಶಾಂತವಾಗಿರಲು ಹೆಣಗಿದವರಿಗಿಂತ ಚೆನ್ನಾಗಿ ಮಾಡಿದರು. ‘ಮೈ ಸಜ್ಜಾಗುತ್ತಿದೆ’ ಎಂದು ಹೇಳಿಕೊಳ್ಳಲಿ. ಅದು ದೇಹದಲ್ಲಿ ನಡೆಯುತ್ತಿರುವುದಕ್ಕೆ ಹತ್ತಿರವಾದ ಮಾತು.

ನಿಮ್ಮ ಯೋಜನೆಯಲ್ಲಿ ಎರಡು ಸಂಗತಿ ಗಮನಿಸಿ. ಕೊನೆಯ ಹಾಳೆಯನ್ನು ನೀವು ಸಂಗ್ರಹಿಸಬೇಡಿ, ತರಗತಿಯಲ್ಲಿ ಓದಿಸಬೇಡಿ. ಅದು ಮಗುವಿನ ಸ್ವಂತದ್ದಾಗಿರಲಿ, ತೋರಿಸಬೇಕೆನ್ನಿಸಿದವರು ತಾವಾಗಿ ತೋರಿಸಲಿ. ಮತ್ತು ಹಾಗೆ ತೋರಿಸಿದ ಹಾಳೆಯಲ್ಲಿ ‘ನಾನು ಇಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು’ ಎಂಬ ಅರ್ಥದ ಮಾತು ಕಂಡರೆ ಅದನ್ನು ತಿದ್ದಿ ಬರೆಸಲು ಹೋಗಬೇಡಿ. ಪಕ್ಕಕ್ಕೆ ಕರೆದು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಮನೆಯವರನ್ನು ಕರೆಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಅಂದೇ ಕಳುಹಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವೂ ಕರೆ ಮಾಡಬಹುದು, ಏನು ಮಾಡಬೇಕೆಂದು ತೋಚದಿದ್ದಾಗ ನೀವೂ ಮಾಡಬಹುದು.